ನೈದಿಲೆ ಕೊಳದ ಹೆಣ್ಣು ಬರೀ ಹೆದರಿಸೋ ಕಥೆನಾ?

ಕೆರೆಏರಿ: ನೀರೊಳಗಿನ ಹೆಣ್ಣುಗಳ ಕಥೆ ಹುಟ್ಟಿದ್ದೇ ಜನ ನೀರಿಗೆ ಇಳೀಬಾರ್ದು ಅಂತ, ನನಗಂತೂ ಅನುಮಾನ ಇಲ್ಲ. ನೈದಿಲೆ ಇರೋ ಕಡೆ ಅಡಿಯಲ್ಲಿ ಹೂಳು, ದಂಟು ಮಾರುದ್ದ ಇರತ್ತೆ, ಕಾಲಿಗೆ ಸಿಕ್ಕಿದ್ರೆ ಈಜು ಬರೋನೂ ಗಾಬರಿ ಬೀಳ್ತಾನೆ. ರಷ್ಯಾದವರ ರುಸಾಲ್ಕಾ ನೋಡಿ, ಕೂದ್ಲು ಬಿಟ್ಕೊಂಡು ಗಂಡಸರನ್ನ ನೀರಿಗೆ ಎಳೀತಾಳೆ. ಆ ಕೂದ್ಲು ಈ ದಂಟೇ.

ಮಲ್ನಾಡ್_ಹುಡ್ಗಿ: ಎಳೆಯೋದು ನಿಜ ಸರ್, ಆದ್ರೆ ಗಿಡದ ಮೇಲೆ ಯಾಕೆ ತಪ್ಪು ಹಾಕ್ತೀರಾ? ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಆಸುಪಾಸಿನ ವಾರ ರುಸಾಲ್ಕಾಗಳು ನೀರಿಂದ ಮೇಲೆ ಬಂದು ಬರ್ಚ್ ಮರದ ಕೊಂಬೇಲಿ ಜೋಕಾಲಿ ಆಡ್ತಾರೆ ಅನ್ನೋದು ಅಲ್ಲಿನ ನಂಬಿಕೆ, ಆ ವಾರ ಯಾರೂ ಈಜಬಾರ್ದು. ಬಿಳಿ ನೈದಿಲೆ ಅಂತ ಸಾಮಾನ್ಯವಾಗಿ ಗುರುತಿಸೋ ಒದೊಲೆನ್ ಅನ್ನೋ ಗಿಡವನ್ನಂತೂ ದೂರ ಹೊರಟವರು ರಕ್ಷೆಗೆ ಅಂತ ತಾಯತದ ಥರ ಇಟ್ಕೊಳ್ತಿದ್ರು. ಕಾಯೋ ಗಿಡ ಅದು!

ಗರಿಕೆ: ನಮ್ಮ ಊರ್ವಶಿನ ಮರೆತ್ರಾ? ಶತಪಥ ಬ್ರಾಹ್ಮಣ ಅನ್ನೋ ವೈದಿಕ ಗ್ರಂಥದಲ್ಲಿ ಅವಳು ಬಿಟ್ಟು ಹೋದ್ಮೇಲೆ ಪುರೂರವ ಅಳ್ತಾ ಕುರುಕ್ಷೇತ್ರ ಎಲ್ಲಾ ಸುತ್ತಿ ಅನ್ಯತಃಪ್ಲಕ್ಷಾ ಅನ್ನೋ ತಾವರೆ ಕೊಳಕ್ಕೆ ಬರ್ತಾನೆ, ಅಲ್ಲಿ ಅಪ್ಸರೆಯರು ನೀರುಹಕ್ಕಿಗಳಾಗಿ ಈಜ್ತಿರ್ತಾರೆ. ಋಗ್ವೇದ ಹತ್ತನೇ ಮಂಡಲದ 95ನೇ ಸೂಕ್ತದಲ್ಲಿ ಅವನು ಸಾಯ್ತೀನಿ, ತೋಳಗಳು ತಿನ್ಲಿ ಅಂತಾನೆ, ಸಾಯಬೇಡ ಪುರೂರವ ಅನ್ನೋಳು ಅವಳೇ. ಮುಳುಗಿಸೋ ಹೆಣ್ಣು ಹೀಗೆ ಮಾತಾಡ್ತಾಳಾ ಹೇಳಿ.

ಬಾಟನಿ_ಮೇಷ್ಟ್ರು: ಕೆರೆಏರಿಯವರೇ, ನಿಮ್ಮ ಕೂದ್ಲಿನ ವಾದ ನೈದಿಲೆಗೆ ಒಪ್ಪತ್ತೆ, ತಾವರೆಗೆ ಒಪ್ಪಲ್ಲ. ನೈದಿಲೆ ದಂಟು ಮೆತ್ತಗೆ, ಎಲೆ ನೀರಿನ ಮೇಲೇ ಮಲಗಿರತ್ತೆ. ತಾವರೆ ದಂಟು ಗಟ್ಟಿ, ಮೈಮೇಲೆ ಸಣ್ಣ ಮುಳ್ಳು, ಎಲೆನ ನೀರಿಂದ ಎತ್ತಿ ಹಿಡಿಯತ್ತೆ, ಅದು ಸುತ್ಕೊಳ್ಳಲ್ಲ, ತರಚತ್ತೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಎರಡನ್ನೂ ನಿಂಫಿಯಾ ಅಂತ ಒಂದೇ ಕುಲಕ್ಕೆ ಸೇರಿಸಿದ್ದ, ಈಗ ಬೇರೆ ಬೇರೆ ಕುಟುಂಬ.

ಕೆರೆಏರಿ: ತಾವರೆ ಬಿಡೋಣ ಮೇಷ್ಟ್ರೇ, ಒಪ್ಪಿದೆ. ಆದ್ರೆ ಊರ್ವಶಿದು ಪ್ರೇಮದ ಕಥೆ, ಊರವರು ಕೊಳದ ಬಗ್ಗೆ ಹೇಳ್ಕೊಳ್ಳೋ ಕಥೆ ಅಲ್ಲ. ಅಂಥದ್ದರಲ್ಲಿ ಭಯ ಇದ್ದೇ ಇರತ್ತೆ.

ಮಲ್ನಾಡ್_ಹುಡ್ಗಿ: ಹಾಗಾದ್ರೆ ಬೆಲಾರುಸ್‌ನ ಸ್ವಿತ್ಯಾಜ್ ಸರೋವರದ್ದು ಕೇಳಿ, ಪೋಲಿಷ್ ಕವಿ ಮಿತ್ಸ್ಕೆವಿಚ್ 1822ರಲ್ಲಿ ಪದ್ಯ ಮಾಡಿದ್ದು. ಶತ್ರು ಊರಿಗೆ ನುಗ್ಗಿದಾಗ ಹೆಣ್ಮಕ್ಕಳು ಅವರ ಕೈಗೆ ಸಿಗದೆ ಇರ್ಲಿ ಅಂತ ಬೇಡ್ಕೊಳ್ತಾರೆ, ಊರು ಮುಳುಗತ್ತೆ, ಅವರೆಲ್ಲಾ ನೀರಿನ ಗಿಡಗಳಾಗಿ ಬಿಳಿ ಹೂ ಬಿಡ್ತಾರೆ, ಚಂದ ಅಂತ ಕಿತ್ತು ಮುಡಿದ ಸೈನಿಕರು ಅಲ್ಲೇ ಸಾಯ್ತಾರೆ. ಇಲ್ಲೂ ಭಯ ಇದೆ ಸರ್, ಆದ್ರೆ ಆ ಭಯ ಯಾರಿಗೆ? ಕೈ ಹಾಕಿದವನಿಗೆ. ಹೆಣ್ಮಕ್ಕಳಿಗೆ ಆ ಗಿಡ ಅಡಗುತಾಣ.

ಬಾಟನಿ_ಮೇಷ್ಟ್ರು: ಆ ಸರೋವರದಲ್ಲಿ ನಿಜವಾಗ್ಲೂ ಬೆಳೆಯೋ ವಾಟರ್ ಲೊಬೀಲಿಯಾ ಅಂತ ಒಂದಿದೆ, ಎಲೆ ಎಲ್ಲಾ ತಳದ ಮರಳಲ್ಲಿ, ಹೂವಿನ ಕಡ್ಡಿ ಮಾತ್ರ ನೀರಿಂದ ಮೇಲೆ. ಪೋಷಕಾಂಶ ಕಮ್ಮಿ ಇರೋ ತಿಳಿನೀರೇ ಬೇಕು ಅದಕ್ಕೆ, ಗೊಬ್ಬರ ಚರಂಡಿ ಸೇರಿ ಪಾಚಿ ಕಟ್ಟಿದ್ರೆ ಬೆಳಕಿಲ್ಲದೆ ಹೋಗ್ಬಿಡತ್ತೆ. ಹೂ ಕೀಳಬೇಡಿ ಅನ್ನೋ ಕಥೆ ಅಂಥ ಗಿಡಕ್ಕೆ ಇರೋದು ನನಗಂತೂ ತುಂಬಾ ಸರಿ ಅನ್ಸತ್ತೆ.

ಕೆರೆಏರಿ: ಸ್ವಿತ್ಯಾಜ್ ಮಟ್ಟಿಗೆ ನಿಮ್ಮಿಬ್ಬರ ಮಾತು ಸರಿ. ರುಸಾಲ್ಕಾ ವಿಷ್ಯದಲ್ಲಿ ನಾನು ಬಿಟ್ಕೊಡಲ್ಲ, ಈಜಬೇಡಿ ಅನ್ನೋ ವಾರ ಒಂದಿದೆ ಅಂತ ನೀವೇ ಹೇಳಿದ್ರಲ್ಲ.