ಪಣಜಿ ಕ್ಯಾಸಿನೊ: ಗೋವಾದವರಿಗೆ ಬಾಗಿಲು ಬಂದ್, ಗೋವಾದಲ್ಲಿರೋ ನಮ್ಮವರಿಗೆ?

ಪಣಜಿ ಪರದೇಶಿ:
ಮಾಂಡೋವಿ ನದಿಯಲ್ಲಿ ನಿಂತಿರೋ ಕ್ಯಾಸಿನೊ ಹಡಗುಗಳಿಗೆ ಗೋವಾದವರು ಆಡೋಕೆ ಹೋಗೋ ಹಾಗಿಲ್ಲ. 2020ರ ಫೆಬ್ರವರಿ 1ರಿಂದ ಈ ನಿಯಮ ಜಾರಿಯಲ್ಲಿದೆ. ಊರವರ ಮನೆ ಹಾಳಾಗದಿರಲಿ ಅಂತ ಮಾಡಿದ್ದು, ಒಳ್ಳೇದೇ. ಆದರೆ ಬಾಗಿಲಲ್ಲಿ ನೋಡೋದು ಕಾರ್ಡಿನ ಮೇಲಿನ ವಿಳಾಸ. ಬೈನಾ, ಜುವಾರಿನಗರ, ಮಾಪುಸಾದಲ್ಲಿ ಹತ್ತಿಪ್ಪತ್ತು ವರ್ಷದಿಂದ ದುಡೀತಿರೋ ನಮ್ಮವರಲ್ಲಿ ಎಷ್ಟೋ ಜನರ ಆಧಾರ್ ಇನ್ನೂ ಗದಗ, ಕೊಪ್ಪಳ, ವಿಜಯಪುರದ್ದೇ. ಅಂದರೆ ಬಾಗಿಲಲ್ಲಿ ಅವರು ಪ್ರವಾಸಿಗರು!

ನನ್ನ ಪಕ್ಕದ ಖೋಲಿಯ ಹುಡುಗ ಹೋಟೆಲ್ ಒಂದರಲ್ಲಿ ಪಾತ್ರೆ ತೊಳೀತಾನೆ. ರಾತ್ರಿ ಪಾಳಿ ಮುಗಿಸಿ, ಮಿಂದು, ಇಸ್ತ್ರಿ ಅಂಗಿ, ಶೂ ಹಾಕ್ಕೊಂಡು ಜೆಟ್ಟಿಗೆ ಹೊರಡ್ತಾನೆ. ಚಪ್ಪಲೀಲಿ ಹೋದರೆ ಒಳಗೆ ಬಿಡಲ್ಲ ಅಂತ ಆ ಶೂ ಕೊಂಡಿದ್ದೇ ಇದಕ್ಕೆ. ಫೋನ್ ಅಡ ಇಟ್ಟಿದ್ದಾನೆ. ಊರಿಗೆ "ಸಂಬಳ ಆಗಿಲ್ಲ ಅವ್ವಾ" ಅಂತ ಹೇಳೋದು ನನ್ನ ಫೋನಿಂದ.

ನಾನು ಕೇಳೋದು ಇಷ್ಟೇ. ವಿಳಾಸ ಎಲ್ಲಿಯದೇ ಇರಲಿ, ಇಲ್ಲಿ ವಾಸ ಇರೋರಿಗೆಲ್ಲ ನಿಯಮ ಅನ್ವಯ ಆಗಬೇಕು. ಮನೆಯವರು ಅರ್ಜಿ ಕೊಟ್ಟರೆ ಅವನನ್ನ ಒಳಗೆ ಬಿಡದ ಹಾಗೆ ಒಂದು ಪಟ್ಟಿ ಬೇಕು. ಏನಂತೀರಿ?

ಹುಬ್ಬಳ್ಳಿ ಮಂದಿ:
"ನಮ್ಮವರ ಆಧಾರ್ ನೋಡಿ ಹೊರಗ ಹಾಕ್ರಿ" ಅಂತ ನಮ್ಮವರ ಹೇಳಾಕತ್ತಾರಲ್ಲ, ಭೇಷ್! ಶನಿವಾರ ಸಂಜಿಮುಂದ ಜೆಟ್ಟಿ ಹತ್ರ ನಿಂತು ನೋಡ್ರಿ ಸರ, ಕೆಎ 22, ಕೆಎ 25, ಕೆಎ 63 ಗಾಡಿ ಎಷ್ಟ ಅದಾವ ಅಂತ. ನಮ್ಮ ರೊಕ್ಕದ ಮ್ಯಾಲೆ ಊರು ನಡಸ್ತಾರ, ಮತ್ತ ನಮಗ ಬಾಗಲಾ ಹಾಕ್ತಾರಂತ.

ಪಣಜಿ ಪರದೇಶಿ:
ಪ್ರವಾಸಿಗರ ಬಗ್ಗೆ ನಾನು ಒಂದು ಮಾತೂ ಬರೆದಿಲ್ಲ. ಇಲ್ಲೇ ಇರೋರ ಬಗ್ಗೆ ಬರೆದೆ. ಪೂರ್ತಿ ಓದಿ.

ಲೆಕ್ಕಪತ್ರ:
ಭಾವನೆ ಸ್ವಲ್ಪ ಬದಿಗಿಡಿ. ಕ್ಯಾಸಿನೊಗೆ 2023ರ ಅಕ್ಟೋಬರ್ 1ರಿಂದ 28% ಜಿಎಸ್‌ಟಿ, ಅದೂ ಚಿಪ್ಸ್ ಕೊಳ್ಳೋ ಪೂರ್ತಿ ಹಣದ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಅದು 40%. ಇಷ್ಟು ತೆರಿಗೆ ತರೋ ಉದ್ಯಮಾನ ಒಬ್ಬ ಪಾತ್ರೆ ತೊಳೆಯೋ ಹುಡುಗನ ಕಥೆ ಹಿಡ್ಕೊಂಡು ಅಳೆಯೋಕಾಗುತ್ತಾ? ಬಹುಪಾಲು ಜನ ಊಟ, ಹಾಡು, ಎರಡು ಪೆಗ್ ಅಂತ ಬಂದು ಹೋಗ್ತಾರೆ. ಇನ್ನು ಮೋಸ ಅನ್ನೋ ಮಾತೇ ಇಲ್ಲ. ಅಂದರ್ ಬಾಹರ್ ಎಲೆಯಾಟದಲ್ಲಿ ಹಡಗಿನವರಿಗೆ ಉಳಿಯೋದು ಬರೀ 2 ಪರ್ಸೆಂಟ್. ನಿಮ್ಮ ಮ್ಯೂಚುವಲ್ ಫಂಡ್‌ನವರೂ ಹೆಚ್ಚುಕಮ್ಮಿ ಅಷ್ಟೇ ತಗೋತಾರೆ, ಅಲ್ಲಿ ಯಾರೂ ಅಳಲ್ಲ.

ಹುಬ್ಬಳ್ಳಿ ಮಂದಿ:
40 ಪರ್ಸೆಂಟ್ ಸರಕಾರಕ್ಕ ಅಂದ್ರ ಎಲ್ಲಾರಕ್ಕಿಂತ ದೊಡ್ಡ ಜೂಜುಕೋರ ಯಾರ್ರೀ ಹಂಗಾರ?

ಗಣಿತ ಮೇಷ್ಟ್ರು:
"ಬರೀ 2 ಪರ್ಸೆಂಟ್". ಇದನ್ನ ಓದಿ ಸುಮ್ಮನಿರೋಕಾಗಲಿಲ್ಲ. ಫಂಡ್‌ನವರು ತಗೊಳ್ಳೋದು ವರ್ಷಕ್ಕೆ. ಹಡಗಿನವರು ತಗೊಳ್ಳೋದು ಪ್ರತಿ ಆಟಕ್ಕೆ.

ಆಟ ಗೊತ್ತಿಲ್ಲದವರಿಗೆ: ಮಧ್ಯದಲ್ಲಿ ಒಂದು ಎಲೆ ತೆರೆದಿಡ್ತಾರೆ. ಆಮೇಲೆ ಎರಡೂ ಕಡೆಗೆ ಒಂದೊಂದೇ ಎಲೆ ಹಾಕ್ತಾ ಹೋಗ್ತಾರೆ. ಮಧ್ಯದ ಎಲೆಯ ಜೋಡಿ ಯಾವ ಕಡೆ ಮೊದಲು ಬೀಳುತ್ತೋ ಆ ಕಡೆ ಗೆಲುವು. ಮೊದಲ ಎಲೆ ಬಿದ್ದ ಕಡೆಗೆ ಗೆಲ್ಲೋ ಸಂಭವ ನೂರಕ್ಕೆ 51.5. ಅಲ್ಲಿ ಕಟ್ಟಿ ಗೆದ್ದರೆ ರೂಪಾಯಿಗೆ ಕೊಡೋದು 90 ಪೈಸೆ, ಸೋತರೆ ಇಡೀ ರೂಪಾಯಿ ಹೋಯ್ತು. ಲೆಕ್ಕ ಹಾಕಿದರೆ ನೂರಕ್ಕೆ 2.15 ನಷ್ಟ. ಇನ್ನೊಂದು ಕಡೆ ಕಟ್ಟಿದರೆ ಪೂರ್ತಿ ರೂಪಾಯಿ ಕೊಡ್ತಾರೆ, ಆದರೆ ಗೆಲ್ಲೋದು 48.5 ಸಲ. ಅಲ್ಲಿ ನೂರಕ್ಕೆ 3 ನಷ್ಟ.

ಈಗ 5,000 ಹಿಡ್ಕೊಂಡು ಹೋದವನು 500ರ ಹಾಗೆ, ಗಂಟೆಗೆ 40 ಆಟ ಆಡ್ತಾನೆ ಅಂತಿಟ್ಕೊಳ್ಳಿ. ಗಂಟೆಗೆ ಕಟ್ಟಿದ್ದು 20,000. ಅದರ 2.15% ಅಂದರೆ 430. ಆರು ಗಂಟೆ ಕೂತರೆ ಸರಾಸರಿ 2,580 ಹೋಯ್ತು, ತಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ. ಇದೇ ನಿಮ್ಮ "ಬರೀ 2".

ಲೆಕ್ಕಪತ್ರ:
"ಗಂಟೆಗೆ 40 ಆಟ ಅಂತಿಟ್ಕೊಳ್ಳಿ." ಯಾಕೆ ಇಟ್ಕೋಬೇಕು? ಯಾರು ಹೇಳಿದ್ದು 40? ನೀವು ಯಾವತ್ತಾದರೂ ಆ ಟೇಬಲ್ ಮುಂದೆ ಕೂತಿದ್ದೀರಾ ಮೇಷ್ಟ್ರೇ? ಕೆಲವೊಮ್ಮೆ ಒಂದು ಜೋಡಿ ಬೀಳೋಕೆ ಅರ್ಧ ಕಟ್ಟು ಖಾಲಿ ಆಗುತ್ತೆ. ಎಲ್ಲರೂ ಚಿಪ್ಸ್ ಇಡಬೇಕು, ಹುಡುಗಿ ಎಣಿಸಿ ಕೊಡಬೇಕು. 30 ದಾಟಲ್ಲ.

ಗಣಿತ ಮೇಷ್ಟ್ರು:
ಸರಿ, ನಿಮ್ಮ 30 ಇಟ್ಕೊಳ್ಳಿ. ಆರು ಗಂಟೆಗೆ 1,935. ಈಗ ನಿದ್ದೆ ಬಂತಾ?

ಕಾರವಾರದ ಅಕ್ಕ:
ನಿಮ್ಮ ಆಟದ ಎಣಿಕೆ ಮುಗಿದಿದ್ದರೆ ನಾನೊಂದು ಹೇಳ್ತೇನೆ. ನಾನು ಮದುವೆಯಾಗಿ ವಾಸ್ಕೋಗೆ ಬಂದವಳು. ಮೈದುನ ಪಿಗ್ಮಿ ಕಲೆಕ್ಷನ್ ಮಾಡ್ತಿದ್ದ. ಸಂಜೆ ಮೀನು ಮಾರುವ ಹೆಂಗಸರ ಹತ್ರ, ಗೂಡಂಗಡಿಯವರ ಹತ್ರ ಐವತ್ತು, ನೂರು ಎತ್ತಿ, ಬೆಳಿಗ್ಗೆ ಕಟ್ಟಬೇಕು. ಒಂದು ರಾತ್ರಿ ಆ ಚೀಲ ಹಿಡ್ಕೊಂಡೇ ಹಡಗಿಗೆ ಹೋದ. ಮೊದಲ ದಿನ ಗೆದ್ದ. ಮನೆಗೆಲ್ಲ ಚಿಕನ್ ತಂದ. ಆಮೇಲೆ ಹೋದದ್ದನ್ನು ಮತ್ತೆ ಅಲ್ಲೇ ಹುಡುಕಲಿಕ್ಕೆ ಹೋಗುವುದು, ಮೀಟರ್ ಬಡ್ಡಿ, ಎಲ್ಲ ಆಯಿತು. ಅತ್ತೆಯ ಬಳೆ ಮಾರಿ ಮೀನಿನವರ ದುಡ್ಡು ಕೊಟ್ಟೆವು.

ಅವನ ಆಧಾರ್ ಅಂಕೋಲೆಯದ್ದು. ನಾನೇ ಜೆಟ್ಟಿಗೆ ಹೋಗಿ ಫೋಟೋ ತೋರಿಸಿ "ಇವನನ್ನು ಬಿಡಬೇಡಿ" ಅಂದೆ. ಕೌಂಟರಿನ ಹುಡುಗಿ ಮರ್ಯಾದೆಯಿಂದಲೇ ಹೇಳಿದಳು, "ಮೇಡಂ, ಅವರೇ ಬಂದು ಹೇಳಬೇಕು." ಮನೆಯವರು ಯಾರ ಹತ್ರ ಹೋಗಬೇಕು, ಯಾರಿಗಾದರೂ ಗೊತ್ತಿದ್ದರೆ ಅಷ್ಟು ಹೇಳಿ ಸಾಕು.

ಲೆಕ್ಕಪತ್ರ:
"ಮೊದಲ ದಿನ ಗೆದ್ದ." ನೋಡಿದ್ರಾ! ಗೆದ್ದಾಗ ಎದ್ದು ಬಂದಿದ್ದರೆ ಏನೂ ಆಗ್ತಿರಲಿಲ್ಲ. ಮೇಡಂ, ಬೇಜಾರು ಮಾಡ್ಕೋಬೇಡಿ, ಇನ್ನೊಬ್ಬರ ಪಿಗ್ಮಿ ಹಣ ಮುಟ್ಟೋದು ಕಳ್ಳತನ. ಅದಕ್ಕೆ ಹಡಗು ಏನು ಮಾಡುತ್ತೆ?

ಕಾರವಾರದ ಅಕ್ಕ:
ಬೇಜಾರಿಲ್ಲ. ನಿಮ್ಮ ಮನೆಗೆ ಬಡ್ಡಿಯವನು ಬಂದು ಕೂತು ಚಾ ಕೇಳುವ ದಿನ ನಾನೂ ನಿಮಗೆ ಇದೇ ಮಾತು ಹೇಳ್ತೇನೆ.

ಅರಳಿಕಟ್ಟೆ:
ಧರ್ಮರಾಯನ ಆಧಾರ್ ಇಂದ್ರಪ್ರಸ್ಥದ್ದು, ಆಟ ನಡೆದದ್ದು ಹಸ್ತಿನಾಪುರದಲ್ಲಿ. ಹೊರಗಿನವನು ಅಂತ ಒಳಗೆ ಬಿಟ್ಟರು. ಮುಂದಿನದು ನಿಮಗೇ ಗೊತ್ತು 😄

ಸಿಂಗಪುರ ಶಿವು:
ಅಕ್ಕಾ, ನೀವು ಕೇಳಿದ ವ್ಯವಸ್ಥೆ ನಮ್ಮಲ್ಲಿದೆ. 2010ರಲ್ಲಿ ಇಲ್ಲಿ ಎರಡು ಕ್ಯಾಸಿನೊ ತೆರೆಯೋಕೆ ಮುಂಚೆಯೇ, 2006ರಲ್ಲಿ, ಕಾನೂನು ಮಾಡಿದ್ರು. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು ಅರ್ಜಿ ಕೊಟ್ಟರೆ ವಿಚಾರಣೆ ಮಾಡಿ ಬಾಗಿಲು ಬಂದ್ ಮಾಡ್ತಾರೆ. ದಿವಾಳಿ ಆದವರಿಗೆ ಅರ್ಜಿಯೇ ಬೇಡ, ತಾನಾಗಿ ಬಂದ್. ಮೇಲಿಂದ ಇಲ್ಲಿನ ಪ್ರಜೆಗಳು, ಕಾಯಂ ವಾಸಿಗಳು ಒಳಗೆ ಹೋಗೋಕೇ ದಿನಕ್ಕೆ 150 ಸಿಂಗಪುರ ಡಾಲರ್ ಕಟ್ಟಬೇಕು (2019ಕ್ಕೆ ಮುಂಚೆ 100 ಇತ್ತು). ಪ್ರವಾಸಿಗರಿಗೆ ಪುಕ್ಕಟೆ. ಫಲ ಏನು ಅಂತ ಕೇಳಿದರೆ, ಸರ್ಕಾರಿ ಸಮೀಕ್ಷೆಯಲ್ಲಿ ಜೂಜಿನ ಚಟದ ಲಕ್ಷಣ ಇದ್ದವರು 2011ರಲ್ಲಿ 2.6%, 2014ಕ್ಕೆ 0.7%. ಇನ್ನೇನು ಬೇಕು?

ಗಣಿತ ಮೇಷ್ಟ್ರು:
2014ಕ್ಕೇ ಯಾಕೆ ನಿಲ್ಲಿಸಿದ್ರಿ ಶಿವು? 2017ರಲ್ಲಿ 0.9, 2020ರಲ್ಲಿ 1.2 ಅಂತ ಅದೇ ಸಮೀಕ್ಷೆ ಹೇಳುತ್ತಲ್ಲ.

ಸಿಂಗಪುರ ಶಿವು:
1.2 ಆದರೂ 2.6ಕ್ಕಿಂತ ಕಮ್ಮಿ ತಾನೇ ಸರ್. ಕಮ್ಮಿ ಅಂದರೆ ಕಮ್ಮಿ.

ಲೆಕ್ಕಪತ್ರ:
150 ಡಾಲರ್ ಅಂದರೆ ಹತ್ತು ಸಾವಿರ ರೂಪಾಯಿ ಹತ್ತಿರ. ಅಷ್ಟು ಕಟ್ಟಿ ಒಳಗೆ ಹೋದವನು "ಮೊದಲು ಇದನ್ನ ವಾಪಸ್ ಗೆಲ್ಲಬೇಕು" ಅಂತ ಇನ್ನೂ ಜಾಸ್ತಿ ಆಡಲ್ವಾ? ಮೇಷ್ಟ್ರು ಇದಕ್ಕೆ ಲೆಕ್ಕ ಹಾಕಲಿ. ಅಂದಹಾಗೆ ಗಂಟೆಗೆ 40 ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಗಣಿತ ಮೇಷ್ಟ್ರು:
ನಿಮ್ಮ 30 ಒಪ್ಪಿಕೊಂಡೇ ಲೆಕ್ಕ ಕೊಟ್ಟೆನಲ್ಲ ಸ್ವಾಮಿ! 20 ಇಟ್ಟರೂ ನಷ್ಟ, 10 ಇಟ್ಟರೂ ನಷ್ಟ. ಎಷ್ಟು ನಿಧಾನ ಆಡಿದರೂ ನಷ್ಟ ನಿಧಾನ ಆಗುತ್ತೆ, ತಿರುಗಿ ಲಾಭ ಆಗಲ್ಲ.

ಹುಬ್ಬಳ್ಳಿ ಮಂದಿ:
ನೀವೆಲ್ಲ ಎಲಿ ಆಡಿದವರ ಅಲ್ಲ. ದೀಪಾವಳಿ ಪಾಡ್ಯಕ್ಕ ನಮ್ಮ ಕಟ್ಟಿಮ್ಯಾಗ ಇದ ಒಳಗ-ಹೊರಗ ಆಡ್ತೀವಿ. ಅಲ್ಲೆ 90 ಪೈಸೆ ಗಿಂಟಪೈಸೆ ಇಲ್ಲ, ರೂಪಾಯಿಗೆ ರೂಪಾಯಿ. ಒಬ್ಬಂವ ಸೋತ್ರ ಇನ್ನೊಬ್ಬಂವ ಗೆಲ್ತಾನ, ರೊಕ್ಕ ಓಣ್ಯಾಗ ಉಳೀತದ. ಕೈ ನೋಡಿ ಆಡಾಕ ಬರಬೇಕು, ಅದೂ ಒಂದು ವಿದ್ಯಾ.

ಗಣಿತ ಮೇಷ್ಟ್ರು:
ಒಳಗ-ಹೊರಗದಲ್ಲಿ ವಿದ್ಯೆ? ಎಲೆ ಮುಟ್ಟೋದೂ ನೀವಲ್ಲ, ಹಾಕೋದೂ ನೀವಲ್ಲ. ಬಾಯಲ್ಲಿ ಒಂದು ಕಡೆ ಹೇಳೋದಕ್ಕೆ ವಿದ್ಯೆ ಅಂತ ಹೆಸರಾ?

ಹುಬ್ಬಳ್ಳಿ ಮಂದಿ:
ನಮ್ಮ ಅಜ್ಜ ನಲವತ್ತ ವರ್ಷ ಆಡ್ಯಾನ, ನೀವು ಪುಸ್ತಕ ಓದಿ ಹೇಳಬ್ಯಾಡ್ರಿ.

ಲೆಕ್ಕಪತ್ರ:
ವಿದ್ಯೆ ಅಂದ ಕೂಡಲೇ ನೆನಪಾಯ್ತು. ಕರ್ನಾಟಕ 2021ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ಕಾನೂನು ತಂದಿತ್ತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟೇ ಅದರ ಮುಖ್ಯ ಕಲಮುಗಳನ್ನ ರದ್ದು ಮಾಡ್ತು. ಕೌಶಲದ ಆಟ ಜೂಜಲ್ಲ ಅಂತ. ಅಲ್ಲಿಗೆ ಮುಗೀತು.

ಗಣಿತ ಮೇಷ್ಟ್ರು:
ಅದು ರಮ್ಮಿ ತರದ ಆಟಗಳ ಮಾತು, ಅಂದರ್ ಬಾಹರ್‌ದಲ್ಲ. ಮುಗೀತು ಅಂದ್ರಲ್ಲ, 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಕೌಶಲವೋ ಅದೃಷ್ಟವೋ ಎಲ್ಲವನ್ನೂ ನಿಷೇಧಿಸೋ ಕಾಯ್ದೆ ಪಾಸು ಮಾಡಿದ್ದನ್ನ ಯಾಕೆ ನುಂಗಿದ್ರಿ?

ಲೆಕ್ಕಪತ್ರ:
ಆನ್‌ಲೈನ್ ನಿಷೇಧ ಮಾಡಿ ಹಡಗು ಬಿಟ್ಟಿದ್ದಾರೆ ಅಂದರೆ ಹಡಗು ಸರಿ ಇದೆ ಅಂತಲೇ ಅರ್ಥ.

ಗಣಿತ ಮೇಷ್ಟ್ರು:
ನಿಮ್ಮ ಹತ್ರ ವಾದ ಮಾಡೋದಕ್ಕಿಂತ ಆ ಟೇಬಲ್ಲಲ್ಲಿ ಕೂರೋದು ಮೇಲು. ಅಲ್ಲಿ ನೂರಕ್ಕೆ 48 ಸಲ ಆದರೂ ಗೆಲ್ಲಬಹುದು.

ನಿರ್ವಾಹಕ:
ಎಲೆಯಾಟದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ವೈಯಕ್ತಿಕ ಮಾತು ಬೇಡ.

ಪಣಜಿ ಪರದೇಶಿ:
ಥ್ಯಾಂಕ್ಸ್. ಮೂಲ ವಿಷಯಕ್ಕೆ ಬರೋಣ. ಕ್ಯಾಸಿನೊ ಊರಿನವರನ್ನ ಹೆಚ್ಚು ಬಿಗಿ ಮಾಡೋದು ನಾನು ಕಂಡುಹಿಡಿದದ್ದಲ್ಲ. ಮಕಾವ್‌ನಲ್ಲಿ ಕ್ಯಾಸಿನೊ ನೌಕರರು ಕೆಲಸ ಮುಗಿದ ಮೇಲೆ ಯಾವ ಕ್ಯಾಸಿನೊಗೂ ಕಾಲಿಡೋ ಹಾಗಿಲ್ಲ, ಚೀನೀ ಹೊಸವರ್ಷದ ಮೂರು ದಿನ ಬಿಟ್ಟು. 2019ರ ಡಿಸೆಂಬರ್‌ನಿಂದ ಈ ಕಾನೂನು. ದಕ್ಷಿಣ ಕೊರಿಯಾದಲ್ಲಿ ಕೊರಿಯನ್ನರಿಗೆ ಪ್ರವೇಶ ಇರೋದು ಒಂದೇ ಕ್ಯಾಸಿನೊಗೆ, ಕಲ್ಲಿದ್ದಲು ಗಣಿಗಳು ಮುಚ್ಚಿದ ಒಂದು ಬೆಟ್ಟದ ಸೀಮೆಯಲ್ಲಿ. ಬೇರೆ ಊರಿಂದ ಬಂದವರು ತಿಂಗಳಿಗೆ 15 ದಿನ ಹೋಗಬಹುದು, ಆ ಊರಿನವರಿಗೆ ತಿಂಗಳಿಗೆ ಒಂದೇ ದಿನ! ಬಾಗಿಲು ಹತ್ತಿರ ಇದ್ದವನಿಗೇ ಅಪಾಯ ಜಾಸ್ತಿ ಅಂತ ಅವರಿಗೆ ಗೊತ್ತಾಗಿದೆ. ಆ ಕ್ಯಾಸಿನೊಗೆ ಹೋಗೋ ರಸ್ತೆ ಉದ್ದಕ್ಕೂ ಗಿರವಿ ಅಂಗಡಿ, ಜನ ಕಾರನ್ನೇ ಅಡ ಇಟ್ಟು ಬಸ್ಸಲ್ಲಿ ವಾಪಸ್ ಹೋಗ್ತಾರೆ.

ಹುಬ್ಬಳ್ಳಿ ಮಂದಿ:
ಕೊರಿಯಾ ಯಾಕ ಹೊಂಟ್ರಿ, ಗೋವಾದಾಗ ಮಟ್ಕಾ ಬಂದ್ ಮಾಡ್ಯಾರೇನ ಕೇಳ್ರಿ ಮೊದಲ. ಹಡಗಿಗೆ ಹೋಗಬ್ಯಾಡ ಅಂದ್ರ ಅಲ್ಲಿನಂವ ಗೂಡಂಗಡ್ಯಾಗ ನಂಬರ್ ಬರಸ್ತಾನ.

ಪಣಜಿ ಪರದೇಶಿ:
ಬರೆಸ್ತಾನೆ, ಇಲ್ಲ ಅಂದವರಾರು? ನಮ್ಮೂರಲ್ಲಿ ಓಸಿ ಬರೆಸಲ್ವಾ? ಹತ್ತು ರೂಪಾಯಿ ಚೀಟಿಗೂ, ಸಂಬಳವೆಲ್ಲ ಒಂದೇ ರಾತ್ರಿ ತೊಳೆದುಹೋಗೋ ಟೇಬಲ್ಲಿಗೂ ವ್ಯತ್ಯಾಸ ಇದೆ.

ಲೆಕ್ಕಪತ್ರ:
"ನಮ್ಮೂರಲ್ಲಿ ಓಸಿ ಬರೆಸಲ್ವಾ." ಅಂದರೆ ನಿಷೇಧ ಎಲ್ಲೂ ಕೆಲಸ ಮಾಡಲ್ಲ ಅಂತ ನೀವೇ ಒಪ್ಪಿದ ಹಾಗಾಯ್ತು. ಧನ್ಯವಾದ.

ಪಣಜಿ ಪರದೇಶಿ:
ನಾನು ಏನೂ ಒಪ್ಪಿಲ್ಲ.

ಸಿಂಗಪುರ ಶಿವು:
ಕಾರವಾರದ ಅಕ್ಕಾ, ನಿಮ್ಮ ಪ್ರಶ್ನೆ ಹಾಗೇ ಉಳೀತು. ಬಾಗಿಲು ಹಾಕಿಸೋ ದಾರಿ ನಾನು ಕಾಣೆ. ಚಿಕಿತ್ಸೆಗೆ ಬಾಂಬೋಲಿಯಲ್ಲಿ ಸರ್ಕಾರಿ ಮನೋವೈದ್ಯ ಆಸ್ಪತ್ರೆ ಇದೆ. ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416 ಒತ್ತಿದರೆ ಪುಕ್ಕಟೆ, ಕನ್ನಡದಲ್ಲೂ ಮಾತಾಡ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮೈದುನನಿಗೆ ಬೈಯೋ ಬದಲು ಒಮ್ಮೆ ಕರ್ಕೊಂಡು ಹೋಗಿ.

ಕಾರವಾರದ ಅಕ್ಕ:
ಬೈದು ಬೈದು ಸಾಕಾಗಿದೆ. ನಂಬರ್ ಬರೆದುಕೊಂಡೆ. ಸಾಲ ಅವನು ಅತ್ತೆಯ ಹೆಸರಲ್ಲಿ ಮಾಡಿಟ್ಟದ್ದು ಏನಾಗ್ತದೆ ಅಂತ ವಕೀಲರು ಯಾರಾದರೂ ಇದ್ದರೆ ಹೇಳಿ.

ಲೆಕ್ಕಪತ್ರ:
ಒಂದು ಸ್ಪಷ್ಟನೆ. ಗಂಟೆಗೆ 30 ಅಂತ ನಾನು ಬರೆದದ್ದು ಅಂದಾಜು, ನಷ್ಟ 1,935 ಅಂತ ಒಪ್ಪಿಕೊಂಡೆ ಅಂತಲ್ಲ.

ಹುಬ್ಬಳ್ಳಿ ಮಂದಿ:
ಮುಗಸ್ರಿ ಇದನ್ನ. ಈ ಶನಿವಾರ ನಾನೂ ನಮ್ಮ ಹುಡುಗ್ರೂ ಹೊಂಟೇವಿ. ಟೇಬಲ್ ಮುಂದ ಕುಂತು ತಾಸಿಗೆ ಎಷ್ಟ ಆಟ ಅಂತ ನಾನ ಎಣಿಸಿ ಬಂದು ಬರೀತೀನಿ.

ಗಣಿತ ಮೇಷ್ಟ್ರು:
ಎಣಿಸೋದಕ್ಕೆ ಎಷ್ಟು ರೊಕ್ಕ ಒಯ್ತೀರಿ?

ಹುಬ್ಬಳ್ಳಿ ಮಂದಿ:
ಅದನ್ನ ಬಂದ ಮ್ಯಾಲೆ ಹೇಳ್ತೀನ್ರಿ ಸರ.