ಅಮಲ್ದಾರರಿಗೆ ಯಾವ ಮೀಟರ್?

ತುಮಕೂರಿನಲ್ಲಿ ಐವತ್ತು ದಾಟಿದವರಿಗೆ ಮೀಟರ್ ವಿಷಯ ಕೇಳಬಾರದು. ಗಿರಿಜಕ್ಕ ಕೇಳಿಬಿಟ್ಟರು. "ಶುಗರ್ ನೋಡೋ ಮೀಟರ್ ತಗೋಬೇಕು, ಯಾವುದು ಒಳ್ಳೇದು?" ಅಷ್ಟೇ. ಅಮಾನಿಕೆರೆಯ ನಮ್ಮ ಕಲ್ಲುಬೆಂಚಿನ ಮೇಲೆ ಪ್ರಚಾರ ಶುರುವಾಯಿತು.

"ಆಕ್ಯು ಚೆಕ್ ತಗೊಳ್ಳಿ ಅಕ್ಕಾ, ನಮ್ಮ ಮಾವ ಅದನ್ನೇ ನಂಬಿ ಬದುಕಿರೋದು" ಎಂದ ಸೀನ.

"ವನ್ ಟಚ್" ಎಂದರು ಮೇಷ್ಟ್ರು, ಪ್ರಶ್ನೆಪತ್ರಿಕೆಗೆ ಉತ್ತರ ಕೊಡುವ ಧಾಟಿಯಲ್ಲಿ.

"ಡಾಕ್ಟರ್ ಮೊರೆಪೆನ್ ಅಗ್ಗ" ಎಂದೆ ನಾನು.

"ಶುಗರ್ ಬಂದಿರೋದು ಯಾರಿಗೆ ಅಂತ ಕೇಳ್ರಪ್ಪಾ ಮೊದಲು" ಎಂದರು ಪುಟ್ಟಣ್ಣ. ಅವರದು ಮೆಡಿಕಲ್ ಸ್ಟೋರ್. ಗಿರಾಕಿ ಯಾರು ಅಂತ ತಿಳಿಯದೆ ಬಾಯಿ ಬಿಡುವವರಲ್ಲ.

"ಅಮಲ್ದಾರರಿಗೆ" ಎಂದರು ಗಿರಿಜಕ್ಕ.

ಅಮಲ್ದಾರರು ಎಂದರೆ ಗಿರಿಜಕ್ಕನ ಬೆಕ್ಕು. ಕೆಂಚು ಬಣ್ಣದ ಗಂಡು. ಕುರ್ಚಿ ಬಿಟ್ಟು ಏಳುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬರದಿದ್ದರೆ ಮನೆಯವರನ್ನೆಲ್ಲ ತರಾಟೆಗೆ ತಗೊಳ್ಳುತ್ತಾರೆ. ಹಾಗಾಗಿ ಆ ಹೆಸರು, ಹಾಗಾಗಿ ಈ ಬಹುವಚನ. ಇತ್ತೀಚೆಗೆ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯುತ್ತಿದ್ದರಂತೆ. ಎಷ್ಟು ತಿಂದರೂ ಬೆನ್ನುಮೂಳೆ ಕಾಣುತ್ತಿತ್ತು. ಹಿಂಗಾಲಿನ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ ನಡೆಯುತ್ತಿದ್ದರು. ಶುಗರ್ ಜಾಸ್ತಿಯಾಗಿ ನರಕ್ಕೆ ಪೆಟ್ಟು ಬಿದ್ದರೆ ಬೆಕ್ಕುಗಳು ಹಾಗೆ ನಡೆಯುತ್ತವೆ.

"ಇದು ಯಾರಿಗೆ ಜಾಸ್ತಿ ಬರುತ್ತೆ ಅಂತ ಡಾಕ್ಟರನ್ನ ಕೇಳಿದೆ" ಎಂದರು ಗಿರಿಜಕ್ಕ. "ವಯಸ್ಸಾದ ಗಂಡು, ಬೊಜ್ಜು ಮೈ, ಕೂತ ಕಡೆಯಿಂದ ಏಳದೇ ಇರೋದು ಅಂದ್ರು."

ಬೆಂಚಿನ ಮೇಲಿದ್ದ ಗಂಡಸರು ಹೊಟ್ಟೆ ಒಳಗೆಳೆದುಕೊಂಡು ಕೂತೆವು.

"ಆಸ್ಪತ್ರೆಲೇ ನೋಡಿಸಬಹುದಲ್ವಾ?" ಸೀನನ ಅನುಮಾನ. ಆಗುವುದಿಲ್ಲ. ಅಮಲ್ದಾರರನ್ನು ಬುಟ್ಟಿಗೆ ತುಂಬಿ, ಬಿ.ಎಚ್. ರಸ್ತೆಯ ಹಾರ್ನುಗಳ ನಡುವೆ ಆಟೋದಲ್ಲಿ ಕೂರಿಸಿ, ನಾಯಿಗಳ ಪಕ್ಕ ಕಾಯಿಸಿದರೆ ಶುಗರ್ ಏರದೆ ಇನ್ನೇನು? ಆರೋಗ್ಯವಾಗಿರುವ ಬೆಕ್ಕಿಗೆ ಮನೆಯಲ್ಲಿ 80ರಿಂದ 120ರ ಆಸುಪಾಸು ಇರುತ್ತದೆ. ಅದೇ ಬೆಕ್ಕು ಗಾಬರಿಯಾದರೆ, ಕಾಯಿಲೆ ಇಲ್ಲದಿದ್ದರೂ, 300 ದಾಟಬಹುದು. ಅದಕ್ಕೇ ಡಾಕ್ಟರು ಮೊದಲು ಫ್ರಕ್ಟೊಸಮೈನ್ ಅನ್ನುವ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದ್ದರು. ಹಿಂದಿನ ಎರಡು ಮೂರು ವಾರದ ಸರಾಸರಿ ಅದರಲ್ಲಿ ತಿಳಿಯುತ್ತದೆ. ಒಂದು ಗಂಟೆಯ ಗಾಬರಿಗೆ ಅದು ಜಗ್ಗುವುದಿಲ್ಲ. ಕಾಯಿಲೆ ಖಾತ್ರಿಯಾಯಿತು. ದಿನಕ್ಕೆರಡು ಹೊತ್ತು ಇನ್ಸುಲಿನ್. ಇನ್ನು ಮುಂದೆ ಮನೆಯಲ್ಲೇ ನೋಡಿ ಬರೆದಿಡಿ ಎಂದರಂತೆ.

"ಮೀಟರೇ ಬೇಡ" ಎಂದರು ಮೇಷ್ಟ್ರು. ಕೆಮಿಸ್ಟ್ರಿ ಹೇಳಿ ರಿಟೈರ್ ಆದವರು. "ಬೆನೆಡಿಕ್ಟ್ ದ್ರಾವಣ ಇದೆಯಲ್ಲ! ಮೂತ್ರಕ್ಕೆ ಹಾಕಿ ಕಾಯಿಸಿದರೆ ನೀಲಿ ಹೋಗಿ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ನೋಡೋಕೆ ಎಷ್ಟು ಚೆಂದ."

"ಅಮಲ್ದಾರರ ಹಿಂದೆ ಟೆಸ್ಟ್ ಟ್ಯೂಬ್ ಹಿಡ್ಕೊಂಡು ನೀವು ಓಡ್ತೀರಾ ಮೇಷ್ಟ್ರೇ?"

ಓಡಿದರೂ ಉಪಯೋಗ ಕಡಿಮೆ. ಬೆಕ್ಕಿನ ರಕ್ತದಲ್ಲಿ ಶುಗರ್ ಸುಮಾರು 250 ದಾಟಿದ ಮೇಲೇ ಮೂತ್ರಕ್ಕೆ ಇಳಿಯುವುದು. ಇನ್ಸುಲಿನ್ ಜಾಸ್ತಿಯಾಗಿ 50ಕ್ಕೆ ಬಿದ್ದಿದ್ದರೂ ಮೇಷ್ಟ್ರ ಟ್ಯೂಬು ನೀಲಿಯಾಗಿಯೇ ನಗುತ್ತಿರುತ್ತದೆ. ಜೀವಕ್ಕೆ ಕುತ್ತು ಬರುವುದು ಆ ಬಿದ್ದಾಗಲೇ.

ಅಷ್ಟರಲ್ಲಿ ಸೀನ ಫೋನಿನಲ್ಲಿ ಹುಡುಕಿ ಮುಗಿಸಿದ್ದ. "ಅಕ್ಕಾ, ಪ್ರಾಣಿಗಳಿಗೇ ಅಂತ ಮೀಟರ್ ಇದೆ! ಆಲ್ಫಾಟ್ರ್ಯಾಕ್ ಅಂತೆ. ನಾಯಿಗೆ ಬೇರೆ ಸೆಟ್ಟಿಂಗು, ಬೆಕ್ಕಿಗೆ ಬೇರೆ ಸೆಟ್ಟಿಂಗು. ಮನುಷ್ಯರ ಮೀಟರಲ್ಲಿ ಬೆಕ್ಕಿನ ಶುಗರ್ ಕಡಿಮೆ ತೋರಿಸುತ್ತಂತೆ."

"ರಕ್ತ ರಕ್ತಾನೇ ಅಲ್ವೇನೋ? ಮೀಟರಿಗೆ ಹೇಗೆ ಗೊತ್ತಾಗುತ್ತೆ ಇದು ಬೆಕ್ಕು ಅಂತ?" ಎಂದೆ.

ಮೇಷ್ಟ್ರಿಗೆ ಬೆನೆಡಿಕ್ಟ್ ಅವಮಾನ ಮರೆಯಲು ಒಂದು ಅವಕಾಶ ಬೇಕಿತ್ತು. ಬೆಂಚಿನ ಮೇಲಿಂದ ಎದ್ದೇ ನಿಂತರು. "ಶುಗರ್ ರಕ್ತದಲ್ಲಿ ಎರಡು ಕಡೆ ಇರುತ್ತೆ. ಒಂದು ತಿಳಿನೀರಲ್ಲಿ, ಅಂದರೆ ಪ್ಲಾಸ್ಮಾದಲ್ಲಿ. ಇನ್ನೊಂದು ಕೆಂಪು ಕಣದೊಳಗೆ. ನಮ್ಮಲ್ಲಿ ಸುಮಾರು 58 ಭಾಗ ಪ್ಲಾಸ್ಮಾದಲ್ಲಿ, 42 ಭಾಗ ಕಣದಲ್ಲಿ. ಬೆಕ್ಕಿನದು 93 ಭಾಗ ಪ್ಲಾಸ್ಮಾದಲ್ಲೇ. ಕಣದೊಳಗೆ ಬರೀ 7. ನಮ್ಮ ಮೀಟರು ನಮ್ಮ ಲೆಕ್ಕ ಹಿಡಿದು ಮಾಡಿದ್ದು. ಬೆಕ್ಕಿನ ರಕ್ತ ಕೊಟ್ಟರೂ ಮನುಷ್ಯನ ಲೆಕ್ಕವನ್ನೇ ಹಾಕುತ್ತೆ. ಅದಕ್ಕೇ ಕಡಿಮೆ."

ನಿಜಕ್ಕೂ ಚೆನ್ನಾಗಿ ಹೇಳಿದರು. ನಮ್ಮ ಕಾಲದಲ್ಲಿ ಇವರು ಮೇಷ್ಟ್ರಾಗಿದ್ದಿದ್ದರೆ ನಾನು ಕಾಮರ್ಸ್ ತಗೊಳ್ಳುತ್ತಿರಲಿಲ್ಲ.

"ಸರಿ, ಎಷ್ಟು ಕಡಿಮೆ ತೋರಿಸುತ್ತೋ ಅಷ್ಟು ಕೂಡಿಸಿಕೊಂಡರಾಯ್ತು" ಎಂದ ಸೀನ. ಆಗುವುದಿಲ್ಲವಂತೆ. ಶುಗರ್ ಕಡಿಮೆ ಇದ್ದಾಗ ಅಂತರ ಸಣ್ಣದು, ಮೇಲೆ ಹೋದಂತೆ ಅಂತರ ದೊಡ್ಡದು. ಒಂದೊಂದು ಕಂಪನಿಯದು ಒಂದೊಂದು ಥರ. ಎಲ್ಲಕ್ಕೂ ಹೊಂದುವ ಸೂತ್ರ ಇಲ್ಲ.

ಪುಟ್ಟಣ್ಣ ಇಷ್ಟು ಹೊತ್ತು ಸುಮ್ನೆ ಇದ್ದದ್ದೇ ಹೆಚ್ಚು. "ಯಾವ ಮೀಟರೂ ದೇವರಲ್ಲ ಕಣ್ರಪ್ಪಾ" ಎಂದರು. "ಮನುಷ್ಯರ ಮೀಟರಿಗೂ ಐಎಸ್ಒ ಅನ್ನೋ ಅಂತಾರಾಷ್ಟ್ರೀಯ ಗುಣಮಟ್ಟದ ನಿಯಮದಲ್ಲಿ ವಿನಾಯಿತಿ ಇದೆ. 100ರಿಂದ ಮೇಲಿದ್ದರೆ, ನೂರು ಸಲ ನೋಡಿದರೆ 95 ಸಲ, ಶೇಕಡ 15ರೊಳಗೆ ಇದ್ದರೆ ಪಾಸು. ಅಂದರೆ ನಿಜವಾಗಿ 200 ಇದ್ದರೆ 170 ಅಂದರೂ ಪಾಸು, 230 ಅಂದರೂ ಪಾಸು. ಬೇಕಾದರೆ ಈಗಲೇ ತೋರಿಸ್ತೀನಿ, ಯಾರಾದರೂ ಬೆರಳು ಕೊಡಿ." ಜೇಬಿನಿಂದ ಮೀಟರ್ ತೆಗೆದೇಬಿಟ್ಟರು.

ಯಾರೂ ಕೊಡಲಿಲ್ಲ. ಆ ಬೆಳಿಗ್ಗೆ ನಾವೆಲ್ಲ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದಿದ್ದೆವು. ವಿಜ್ಞಾನಕ್ಕೂ ಒಂದು ಹೊತ್ತು ಇರಬೇಕು.

"ಹಾಗಾದರೆ ಯಾವುದನ್ನ ತಗೊಳ್ಳಲಿ? ನೇರವಾಗಿ ಹೇಳಿ" ಎಂದರು ಗಿರಿಜಕ್ಕ. ಪುಟ್ಟಣ್ಣ ಹೇಳಿದ್ದು ನನಗೆ ಬಹಳ ಹಿಡಿಸಿತು. ಮೀಟರಿನ ಬೆಲೆ ನೋಡಬೇಡಿ ಎಂದರು. ಅದು ಒಂದು ಸಲದ ಖರ್ಚು. ಕಂಪನಿಯವರು ಮೀಟರನ್ನು ಅಗ್ಗಕ್ಕೆ ಕೊಟ್ಟು ಆಮೇಲೆ ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್ಪಿನಲ್ಲಿ ವಸೂಲಿ ಮಾಡುತ್ತಾರೆ. ದಿನಕ್ಕೆ ಎರಡು ಸ್ಟ್ರಿಪ್ ಅಂತೂ ಬೇಕೇ ಬೇಕು. ಡಾಕ್ಟರು ಏರಿಳಿತ ನೋಡಬೇಕು ಎಂದ ದಿನ ಎರಡೆರಡು ಗಂಟೆಗೊಮ್ಮೆ ಹನ್ನೆರಡು ಗಂಟೆ ಚುಚ್ಚಬೇಕು. ಪ್ರಾಣಿಗಳ ಮೀಟರೇ ಹೆಚ್ಚು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಸ್ಟ್ರಿಪ್ ಭಾನುವಾರ ರಾತ್ರಿ ಮುಗಿದರೆ ಅಶೋಕ ರಸ್ತೆಯಲ್ಲಿ ಸಿಗುತ್ತದಾ?

ಎರಡನೆಯ ಮಾತು ಹನಿಯ ಗಾತ್ರ. ಅಮಲ್ದಾರರ ಕಿವಿಯಂಚಿನಿಂದ ಬರುವುದು ಸಾಸಿವೆಗಿಂತ ಸಣ್ಣ ಹನಿ. ಆಲ್ಫಾಟ್ರ್ಯಾಕಿಗೆ 0.3 ಮೈಕ್ರೊಲೀಟರ್ ಸಾಕು. ಕಾಂಟೂರ್ ಪ್ಲಸ್ ಅನ್ನುವ ಮನುಷ್ಯರ ಮೀಟರಿಗೆ 0.6. ಕೆಲವು ಹಳೆಯ ಮೀಟರುಗಳಿಗೆ ಒಂದರ ಮೇಲೆ ಬೇಕು. ಹನಿ ಸಾಲದೆ ಮೀಟರು ಎರರ್ ಅಂದರೆ ಸ್ಟ್ರಿಪ್ಪೂ ಹೋಯಿತು, ಅಮಲ್ದಾರರೂ ಮಂಚದ ಕೆಳಗೆ ಹೋದರು.

"ಹೊರದೇಶದ್ದು ತರಿಸೋದಾದರೆ ಇನ್ನೊಂದು ನೋಡಿ" ಎಂದು ಪುಟ್ಟಣ್ಣ ಒಬ್ಬ ಗಿರಾಕಿಯ ಕಥೆ ಹೇಳಿದರು. ಅವರ ಮಗ ಲಂಡನ್ನಿನಿಂದ ಮೀಟರ್ ಕಳಿಸಿದ್ದನಂತೆ. ಅದು 14.5 ಎಂದು ತೋರಿಸಿತು. ಶುಗರ್ ತೀರಾ ಇಳಿದಿದೆ ಎಂದು ದಾರಿಯುದ್ದಕ್ಕೂ ಗ್ಲೂಕೋಸ್ ಪುಡಿ ಬಾಯಿಗೆ ಸುರಿದುಕೊಂಡು ಅಂಗಡಿಗೆ ಬಂದರಂತೆ. ಅಲ್ಲಿಯ ಲೆಕ್ಕ ಮಿಲಿಮೋಲ್‌ನಲ್ಲಿ. ನಮ್ಮ ಮಿಲಿಗ್ರಾಂ ಲೆಕ್ಕಕ್ಕೆ ತರಲು 18ರಿಂದ ಗುಣಿಸಬೇಕು. ಗುಣಿಸಿದರೆ 261!

"ಸೆನ್ಸರ್ ಅಂಟಿಸಿದರೆ?" ಸೀನ ಇನ್ನೂ ಫೋನ್ ಬಿಟ್ಟಿರಲಿಲ್ಲ. ಮೈಗೆ ಅಂಟಿಕೊಂಡೇ ಶುಗರ್ ನೋಡುವ ಲಿಬ್ರೆ ಸೆನ್ಸರನ್ನು ಬೆಕ್ಕುಗಳಿಗೂ ಹಾಕುತ್ತಾರೆ, ನಿಜ. ಕೂದಲು ಬೋಳಿಸಿ ಅಂಟಿಸಿದರೆ 14 ದಿನ ಕೆಲಸ ಮಾಡಬೇಕಾದದ್ದು. ಅಮಲ್ದಾರರ ಕೊರಳಿಗೆ ಗಿರಿಜಕ್ಕ ಒಮ್ಮೆ ಗೆಜ್ಜೆ ಕಟ್ಟಿದ್ದರು. ಅದು ಸಂಜೆಯ ಹೊತ್ತಿಗೆ ಚರಂಡಿಯಲ್ಲಿತ್ತು. ಆ ಮಾತು ಅಲ್ಲಿಗೇ ನಿಂತಿತು.

ಮೀಟರ್ ಬಿಟ್ಟು ಪುಟ್ಟಣ್ಣ ದನಿ ಏರಿಸಿದ್ದು ಸಿರಿಂಜ್ ವಿಷಯಕ್ಕೆ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಎರಡು ಥರ ಸಿಗುತ್ತದೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ನಾಲ್ಕು ಕಿಲೋ ತೂಗುವ ಜೀವ ಅದನ್ನು ತಡೆಯುವುದಿಲ್ಲ. "ಯಾರು ಬಂದು ಯಾವ ಸಿರಿಂಜ್ ಕೊಟ್ಟರೂ ಬಾಟಲಿ ಪಕ್ಕ ಹಿಡಿದು ನೋಡಿ ಅಕ್ಕಾ, ನಾನು ಕೊಟ್ಟರೂ ನೋಡಿ." ಇನ್ಸುಲಿನ್ ಜಾಸ್ತಿಯಾಗಿ ಶುಗರ್ ಬಿದ್ದು ಅಮಲ್ದಾರರು ತೂರಾಡಿದರೆ, ಸುಸ್ತಾಗಿ ಮಲಗಿದರೆ ಒಸಡಿಗೆ ಜೇನುತುಪ್ಪ ಸವರಿ ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕು. ಇಲ್ಲಿ ಯಾರೂ ತಮಾಷೆ ಮಾಡಲಿಲ್ಲ.

ಕೊನೆಗೆ ಗಿರಿಜಕ್ಕ ನಮ್ಮ ಯಾರ ಅಭ್ಯರ್ಥಿಯನ್ನೂ ಗೆಲ್ಲಿಸಲಿಲ್ಲ. ಡಾಕ್ಟರನ್ನೇ ಕೇಳಿ, ಸಣ್ಣ ಹನಿ ಸಾಕಾಗುವ, ಪುಟ್ಟಣ್ಣನ ಅಂಗಡಿಯಲ್ಲಿ ಸದಾ ಸ್ಟ್ರಿಪ್ ಸಿಗುವ ಮನುಷ್ಯರ ಮೀಟರನ್ನೇ ತಗೊಂಡರು. ಅದು ಕಡಿಮೆ ತೋರಿಸುತ್ತದೆ ಎಂದು ಡಾಕ್ಟರಿಗೂ ಗೊತ್ತು. ಅವರು ಡೋಸ್ ಹೇಳುವುದು ಆ ಲೆಕ್ಕ ಇಟ್ಟುಕೊಂಡೇ. ಒಂದೇ ಷರತ್ತು: ಮೀಟರ್ ಬದಲಾಯಿಸಿದರೆ ಮೊದಲು ತಿಳಿಸಬೇಕು. ಇವತ್ತು ಇದು, ನಾಳೆ ಸೀನನ ಮಾವನದು ಎಂದು ನೋಡಿದರೆ ಏರಿದ್ದು ಶುಗರೋ ಮೀಟರೋ ತಿಳಿಯುವುದಿಲ್ಲ.

ಅಮಲ್ದಾರರು ನಾವು ಹೆದರಿದಷ್ಟು ರಂಪ ಮಾಡಲಿಲ್ಲವಂತೆ. ಬೆಚ್ಚಗಿನ ಬಟ್ಟೆಯಿಂದ ಕಿವಿ ಒತ್ತಿ, ಹಿಂದೆ ಹತ್ತಿ ಹಿಡಿದು, ಅಂಚಿನಲ್ಲಿ ಚುಚ್ಚಿದರೆ ಮುಗಿಯಿತು. ಚುಚ್ಚಿದ ಮೇಲೆ ಬೇಯಿಸಿದ ಕೋಳಿಯ ಚೂರು ಸಿಗುತ್ತದೆ. ಈಗ ಸ್ಟ್ರಿಪ್ ಡಬ್ಬಿಯ ಸದ್ದಾದರೆ ತಾವೇ ಬಂದು ಕೂರುತ್ತಾರೆ.

ತೊಂದರೆ ಬಂದದ್ದು ನಮ್ಮಿಂದ. ಗಿರಿಜಕ್ಕ ಮೊದಮೊದಲು ನಂಬರನ್ನು ನಮ್ಮ ವಾಟ್ಸಾಪ್ ಗ್ರೂಪಿಗೂ ಹಾಕುತ್ತಿದ್ದರು. ಮೇಷ್ಟ್ರು ಗ್ರಾಫ್ ಬರೆದರು. ಸೀನ ಮೆಂತ್ಯದ ನೀರು ಕುಡಿಸಲು ಹೇಳಿದ. ನಾನು ಹಾಗಲಕಾಯಿ ಎಂದೆ. ಈಗ ನಂಬರು ಡಾಕ್ಟರಿಗೆ ಮಾತ್ರ ಹೋಗುತ್ತದೆ. ಗ್ರೂಪಿಗೆ ಅಮಲ್ದಾರರ ಫೋಟೋ ಬರುತ್ತದೆ. ಸೀನ ಅದನ್ನೇ ದೊಡ್ಡದು ಮಾಡಿ ನೋಡಿ, "ಅಕ್ಕಾ, ಇವತ್ತು 180 ಇರಬೇಕಲ್ವಾ?" ಎಂದು ಕೇಳುತ್ತಾನೆ.