ಪಿಎಚ್‌ಡಿ ಗೈಡ್: ಎಚ್-ಇಂಡೆಕ್ಸ್ 38 ಇರುವವರೋ, 13 ಇರುವವರೋ?

ಎಂಎಸ್ಸಿ_ಮೈಕ್ರೋ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಮುಗಿದಿದೆ, ಪಿಎಚ್‌ಡಿಗೆ ಗೈಡ್ ಹುಡುಕುತ್ತಿದ್ದೇನೆ. ಇಬ್ಬರು ಒಪ್ಪುವ ಹಾಗಿದ್ದಾರೆ. ಇಬ್ಬರದ್ದೂ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಮೇಲೆ ಕೆಲಸ. ಗೂಗಲ್ ಸ್ಕಾಲರ್‌ನಲ್ಲಿ ಒಬ್ಬರ ಎಚ್-ಇಂಡೆಕ್ಸ್ 38, ಸೈಟೇಶನ್ (ಬೇರೆ ಪೇಪರ್‌ಗಳು ಇವರ ಪೇಪರ್‌ಗಳನ್ನು ಉಲ್ಲೇಖಿಸಿದ ಲೆಕ್ಕ) 9,000 ದಾಟಿದೆ. ಇನ್ನೊಬ್ಬರದ್ದು 13, ಸೈಟೇಶನ್ 700ರ ಹತ್ತಿರ. ನಮ್ಮಣ್ಣ "ಇದರಲ್ಲಿ ಯೋಚನೆ ಮಾಡೋದೇನಿದೆ, 38 ಇರೋರ ಹತ್ರ ಹೋಗೇ" ಅನ್ನುತ್ತಾನೆ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಈ ನಂಬರ್‌ಗಳನ್ನು ಎಷ್ಟು ನಂಬಬಹುದು?

ಬೆಂಚ್_ಕೆಲಸ:
38 ಅಂದರೆ, ಕನಿಷ್ಠ 38 ಪೇಪರ್‌ಗಳು ತಲಾ 38 ಸಲವೋ ಅದಕ್ಕಿಂತ ಜಾಸ್ತಿಯೋ ಸೈಟ್ ಆಗಿವೆ. ಅಷ್ಟೇ. ಸರ್ವೀಸ್ ಹೆಚ್ಚಿದ ಹಾಗೆ ಅದೂ ಏರುತ್ತಾ ಹೋಗುತ್ತದೆ. ಒಬ್ಬರು ರಿಟೈರ್ ಆಗುವ ಹೊತ್ತಿನವರು, ಇನ್ನೊಬ್ಬರು ಮೊನ್ನೆ ಲ್ಯಾಬ್ ಶುರು ಮಾಡಿದವರಾದರೆ ಹೋಲಿಸಿ ಪ್ರಯೋಜನವಿಲ್ಲ.

ಲೈಬ್ರರಿಯನ್_ಶಿವಮೊಗ್ಗ:
ನೋಡಮ್ಮ, ನಾನಿರುವುದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬರುತ್ತಾರೆ ಅಂದರೆ ಎಲ್ಲ ಡಾಕ್ಟರುಗಳ ಪೇಪರ್ ಪಟ್ಟಿ ನನ್ನ ತಲೆಗೇ. ಒಟ್ಟು ನಂಬರ್ ಬಿಡು, ಅವರ ಪೇಪರ್‌ಗಳ ಪಟ್ಟಿ ಬಿಚ್ಚಿ ನೋಡು.

ಮೊದಲು ಹೆಸರು. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ, ಬರೀ ಇನಿಶಿಯಲ್. ಒಂದು ಜರ್ನಲ್‌ನಲ್ಲಿ 'ಮಂಜುನಾಥ್ ಕೆ', ಇನ್ನೊಂದರಲ್ಲಿ ಊರಿನ ಹೆಸರು ಮುಂದೆ, ಮತ್ತೊಂದರಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತದೆ. ಒಬ್ಬರೇ ಮೂವರಾಗುತ್ತಾರೆ, ಮೂವರು ಒಬ್ಬರಾಗುತ್ತಾರೆ. ಗೂಗಲ್ ಸ್ಕಾಲರ್ ಕಂಡಿದ್ದನ್ನೆಲ್ಲ ಸೇರಿಸಿಕೊಳ್ಳುತ್ತದೆ. ನಮ್ಮ ಫಿಸಿಯಾಲಜಿ ಮೇಡಂ ಒಬ್ಬರ ಪ್ರೊಫೈಲ್‌ನಲ್ಲಿ ಅಡಿಕೆ ಕೊಳೆರೋಗದ ಪೇಪರ್ ಇತ್ತು! ಆರ್ಕಿಡ್ ಐಡಿ (ORCID, ಒಬ್ಬೊಬ್ಬ ಸಂಶೋಧಕರಿಗೂ ಬೇರೆಬೇರೆ ಇರುವ ನಂಬರ್) ಇದ್ದರೆ ಅದರ ಜೊತೆ ತಾಳೆ ನೋಡು.

ಆಮೇಲೆ ಹೆಸರು ಎಲ್ಲಿದೆ ಅನ್ನುವುದು. ಬಯೋಮೆಡಿಕಲ್‌ನಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ದುಡಿದವರದ್ದು, ಕೊನೆಯದು ಲ್ಯಾಬ್ ನಡೆಸುವವರದ್ದು. ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ (ಜಗತ್ತಿನ ರೋಗಗಳ ಲೆಕ್ಕ ಹಾಕುವ ದೊಡ್ಡ ಅಧ್ಯಯನ) ಥರದ ಪೇಪರ್‌ಗೆ ನೂರಾರು ಲೇಖಕರು, ಸಾವಿರಾರು ಸೈಟೇಶನ್. ಅದರಲ್ಲಿ ಅವರ ಪಾಲು ಸುಳ್ಳಲ್ಲ. ಆದರೆ ಅವರ ಲ್ಯಾಬ್‌ನಲ್ಲಿ ಏನು ನಡೆಯುತ್ತದೆ ಅಂತ ಅದರಿಂದ ಗೊತ್ತಾಗಲ್ಲ.

ಜಾಸ್ತಿ ಸೈಟ್ ಆದದ್ದೆಲ್ಲ ದೊಡ್ಡ ಸಂಶೋಧನೆಯೂ ಅಲ್ಲ. ಸೈಟೇಶನ್ ಎಣಿಸುವ ವೆಬ್ ಆಫ್ ಸೈನ್ಸ್ ಡೇಟಾಬೇಸ್ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿರುವುದು ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪೇಪರ್. ಪ್ರೋಟೀನ್ ಅಳೆಯುವ ವಿಧಾನ, ಸೈಟೇಶನ್ 3 ಲಕ್ಷ ದಾಟಿದೆ. ಪ್ರಾಕ್ಟಿಕಲ್‌ನಲ್ಲಿ ಆ ನೀಲಿ ಬಣ್ಣ ನೀನೂ ನೋಡಿರುತ್ತೀಯ.

ಇನ್ನೊಂದು ತುದಿಯಲ್ಲಿ ಕಲ್ಕತ್ತಾದ ಪೆಥಾಲಜಿ ಡಾಕ್ಟರ್ ಶಂಭುನಾಥ್ ಡೇ. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಕಟ್ಟಿದರು. ಕಾಲರಾ ಬ್ಯಾಕ್ಟೀರಿಯಾ ಬೆಳೆದಿದ್ದ ದ್ರವದಿಂದ ಬ್ಯಾಕ್ಟೀರಿಯಾ ಸೋಸಿ ತೆಗೆದು, ಉಳಿದ ನೀರನ್ನಷ್ಟೇ ಅದರೊಳಗೆ ಚುಚ್ಚಿದರು. ಕರುಳು ಅಕ್ಕಚ್ಚಿನಂಥ ನೀರು ತುಂಬಿಕೊಂಡು ಊದಿತು. ಅಂದರೆ ಭೇದಿ ಮಾಡಿಸುವುದು ಬ್ಯಾಕ್ಟೀರಿಯಾ ಬಿಡುವ ವಿಷ. 1959ರಲ್ಲಿ ನೇಚರ್ ಜರ್ನಲ್‌ನಲ್ಲಿ ಬಂತು. ಶುರುವಿನಲ್ಲಿ ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡಲಿಲ್ಲ. 1978ರಲ್ಲಿ ನೊಬೆಲ್ ಸಿಂಪೋಸಿಯಂಗೆ (ನೊಬೆಲ್ ಫೌಂಡೇಶನ್‌ನ ವಿಜ್ಞಾನಿಗಳ ಸಭೆ) ಕರೆ ಬರುವ ಹೊತ್ತಿಗೆ ಅವರು ರಿಟೈರ್ ಆಗಿದ್ದರು. 1985ರಲ್ಲಿ ತೀರಿಕೊಂಡರು. ಮರುವರ್ಷ ಅವರ ಕೆಲಸದ ಬಗ್ಗೆ ಉದ್ದಕ್ಕೆ ಬರೆದವರು ಯಾರು ಗೊತ್ತಾ? ಸೈಟೇಶನ್ ಇಂಡೆಕ್ಸ್ ಕಟ್ಟಿದ ಯೂಜೀನ್ ಗಾರ್ಫೀಲ್ಡ್! ಎಚ್-ಇಂಡೆಕ್ಸ್ ಆಗ ಇರಲಿಲ್ಲ ಬಿಡು, ಹಿರ್ಷ್ ಅನ್ನುವ ಫಿಸಿಕ್ಸ್ ಮೇಷ್ಟ್ರು ಅದನ್ನು ತಂದದ್ದು 2005ರಲ್ಲಿ.

ಎಂಎಸ್ಸಿ_ಮೈಕ್ರೋ:
ಪಟ್ಟಿ ಬಿಚ್ಚಿದೆ ಸರ್. 9,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡೇ ಪೇಪರ್‌ಗೆ ಬಂದಿದೆ, ಎರಡರಲ್ಲೂ ಲೇಖಕರ ಹೆಸರೇ ಪುಟಗಟ್ಟಲೆ. ಮಂಡಿಚಿಪ್ಪು ಆಪರೇಷನ್ ಮೇಲೂ ಕೆಲವು ಪೇಪರ್ ಇವೆ, ಅವು ಇವರದ್ದಂತೂ ಅಲ್ಲ. 13 ಇರುವವರದ್ದರಲ್ಲಿ ಮೊದಲ ಹೆಸರು ಹೆಚ್ಚಾಗಿ ಸ್ಟೂಡೆಂಟ್‌ಗಳದ್ದು, ಕೊನೆಯದು ಅವರದ್ದು. ಆದರೆ ಎರಡು ವರ್ಷದಿಂದ ಹೊಸ ಪೇಪರ್ ಒಂದೂ ಇಲ್ಲ. ಅದು ಕೆಟ್ಟ ಲಕ್ಷಣ ಅಲ್ವಾ?

ಬೆಂಚ್_ಕೆಲಸ:
ಹಾಗೇನಿಲ್ಲ. ಪೇಪರ್ ರಿವ್ಯೂನಲ್ಲಿ ಕೂತಿರಬಹುದು. ಗ್ರಾಂಟ್ ಮುಗಿದಿದ್ದರೆ ಮಾತ್ರ ಕಷ್ಟ. ಸಂಕೋಚ ಬಿಟ್ಟು ಕೇಳಿ: ಈಗ ಯಾವ ಪ್ರಾಜೆಕ್ಟ್ ಇದೆ, ಸಂಶೋಧನೆಗೆ ಗ್ರಾಂಟ್ ಕೊಡುವ ಸರ್ಕಾರದ ಐಸಿಎಂಆರ್ ಆಗಲಿ ಡಿಬಿಟಿ ಆಗಲಿ, ದುಡ್ಡು ಇನ್ನೆಷ್ಟು ವರ್ಷ ಬರುತ್ತದೆ? ಆ ಮೊದಲ ಹೆಸರಿನ ಸ್ಟೂಡೆಂಟ್‌ಗಳಿಗೂ ಮೇಲ್ ಹಾಕಿ. ಥೀಸಿಸ್ ಮುಗಿಸಲು ಎಷ್ಟು ವರ್ಷ ಹಿಡಿಯಿತು, ಫೆಲೋಶಿಪ್ ದುಡ್ಡು ಸರಿಯಾಗಿ ಬಂತಾ ಅಂತ ಅವರೇ ಹೇಳುತ್ತಾರೆ. ನನ್ನ ಓಟು 13ಕ್ಕೆ, ದುಡ್ಡಿದ್ದರೆ.

ಲೈಬ್ರರಿಯನ್_ಶಿವಮೊಗ್ಗ:
ನಂದೂ ಅದೇ. ಬೇಕಿದ್ದರೆ ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್) ಇರುವ ಇಬ್ಬರ ಪೇಪರ್‌ಗಳನ್ನೂ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ (iCite) ವೆಬ್‌ಸೈಟ್‌ಗೆ ಹಾಕಿ ನೋಡು, ಫ್ರೀ ಇದೆ. ಅದೇ ವಿಷಯದ, ಅದೇ ವರ್ಷದ ಪೇಪರ್‌ಗಳ ಜೊತೆ ತೂಗಿ ಹೇಳುತ್ತದೆ. 1 ಬಂದರೆ ಎನ್‌ಐಎಚ್ ದುಡ್ಡಲ್ಲಿ ನಡೆದ ಕೆಲಸಗಳ ನಡುಮಟ್ಟ ಅಂತ. ನಮ್ಮ ಕಡೆಯ ಸಣ್ಣ ಲ್ಯಾಬ್‌ಗೆ ಅದೇನೂ ಕಡಿಮೆಯಲ್ಲ.

ಆ ಮಂಡಿಚಿಪ್ಪಿನ ವಿಷಯ ಮಾತ್ರ ಇಂಟರ್‌ವ್ಯೂನಲ್ಲಿ ಎತ್ತಬೇಡ ಮಾರಾಯ್ತಿ.